ಸೊಲ್ಲಾಪುರದ ವಾಲಚಂದರು ಮತ್ತು ಸ್ವದೇಶಿ ಕಾರು

ಹಳೆಯ ಕಾರುಗಳೆಂದೊಡನೆ ಮಹಾರಾಜರ ರೋಲ್ಸ್ ರಾಯ್ಸ್ ವಾಹನಗಳು ಕಣ್ಣಮುಂದೆ ಬರುತ್ತವೆ. ಆದರೆ ಜನಸಾಮಾನ್ಯರ ನೆನಪಿನಲ್ಲಿ ಉಳಿದಿರುವುದು ಅಂಬಾಸಡರ್ ಮತ್ತು ಪ್ರೀಮಿಯರ್ ಪದ್ಮಿನಿ. ಇವುಗಳಲ್ಲಿ ಎರಡನೆಯದರ ಚರಿತ್ರೆ ನಮ್ಮ ಸೊಲ್ಲಾಪುರದೊಂದಿಗೂ ಮೈಸೂರು ಸಂಸ್ಥಾನದೊಂದಿಗೂ ಹೆಣೆದುಕೊಂಡಿದೆ ಎಂಬುದನ್ನು ನಮ್ಮ ವಿದ್ಯಾರ್ಥಿಗಳು ಅರಿಯಬೇಕು.

ವಾಲಚಂದ ಹಿರಾಚಂದರು 1882ರಲ್ಲಿ ಸೊಲ್ಲಾಪುರದ ಗುಜರಾತಿ ಜೈನ ಮನೆತನವೊಂದರಲ್ಲಿ ಜನಿಸಿದರು. 1919ರಲ್ಲಿ ಸಿಂಧಿಯಾ ಹಡಗು ಕಂಪನಿಯ ಸ್ಥಾಪಕರಲ್ಲೊಬ್ಬರಾಗಿ ಬ್ರಿಟಿಷ್ ಹಡಗು ಒಡೆಯರ ಏಕಸ್ವಾಮ್ಯಕ್ಕೆ ಎದುರು ನಿಂತರು. ಆ ಕಾಲದಲ್ಲಿ ಭಾರತದ ರಸ್ತೆಗಳಲ್ಲಿ ಓಡುತ್ತಿದ್ದ ಕಾರುಗಳೆಲ್ಲ ವಿದೇಶದವು. ಇಲ್ಲಿ ನಡೆಯುತ್ತಿದ್ದುದು ಹೊರಗಿನಿಂದ ಬಂದ ಬಿಡಿಭಾಗಗಳ ಜೋಡಣೆ ಮಾತ್ರ.

ಕಾರು ಇಲ್ಲಿಯೇ ತಯಾರಾಗಬೇಕೆಂದು ಸರ್ ಎಂ. ವಿಶ್ವೇಶ್ವರಯ್ಯನವರು ಹಂಬಲಿಸಿದರು. 1935ರಲ್ಲಿ ಯುರೋಪ್ ಮತ್ತು ಅಮೆರಿಕಗಳ ಕಾರ್ಖಾನೆಗಳನ್ನು ಕಂಡು ಬಂದು ಯೋಜನೆಯೊಂದನ್ನು ಸಿದ್ಧಪಡಿಸಿದರು. ವಾಲಚಂದರು ಅವರ ಜೊತೆಗೂಡಿದರು. ಮೈಸೂರು ಸಂಸ್ಥಾನವೂ ನೆರವಿಗೆ ಒಲವು ತೋರಿತ್ತು. ಆದರೆ ಯುದ್ಧಕಾಲದ ಬ್ರಿಟಿಷ್ ಸರಕಾರ ಬೆಂಬಲ ಕೊಡಲಿಲ್ಲ. ಇಲ್ಲೊಂದು ಸ್ವಾರಸ್ಯವಿದೆ. ಕಾರಿನ ಉದ್ಯಮಕ್ಕಾಗಿ ಕೈಗೊಂಡ ಅಮೆರಿಕ ಪ್ರವಾಸದಲ್ಲಿ ವಾಲಚಂದರಿಗೆ ವಿಮಾನೋದ್ಯಮಿ ವಿಲಿಯಂ ಪಾಲಿಯವರ ಪರಿಚಯವಾಯಿತು. ಅದರ ಫಲವಾಗಿ, ಮೈಸೂರು ಸರಕಾರದ ಸಹಭಾಗಿತ್ವದಲ್ಲಿ, 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಸ್ಥಾಪನೆಯಾಯಿತು. ಕಾರಿಗಾಗಿ ಹೊರಟ ಹಾದಿ ಕನ್ನಡ ನಾಡಿಗೆ ವಿಮಾನ ಕಾರ್ಖಾನೆಯನ್ನು ತಂದಿತು!

ವಾಲಚಂದರು ಕಾರಿನ ಹಂಬಲವನ್ನು ಬಿಡಲಿಲ್ಲ. 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಸ್ಥಾಪನೆಯಾಯಿತು. ಅಮೆರಿಕದ ಕ್ರೈಸ್ಲರ್ ಕಂಪನಿಯ ಸಹಯೋಗದಲ್ಲಿ, ಮುಂಬಯಿಯ ಕುರ್ಲಾದಲ್ಲಿ, 1947ರಿಂದ ವಾಹನಗಳು ಹೊರಬಂದವು. ಮುಂದೆ ಇಟಲಿಯ ಫಿಯಟ್ ಕಂಪನಿಯ ಸಹಯೋಗ ದೊರೆಯಿತು. 1953ರಲ್ಲಿ ವಾಲಚಂದರು ತೀರಿಕೊಂಡರು. ಮರುವರ್ಷ ಬಂದ ಫಿಯಟ್ 1100 ಮನೆಮಾತಾಯಿತು. 1089 ಸಿ.ಸಿ. ಎಂಜಿನ್ನಿನ ಆ ಪರಂಪರೆಯ ಕಾರೇ 1970ರ ದಶಕದಲ್ಲಿ 'ಪದ್ಮಿನಿ' ಎಂಬ ಹೆಸರು ಪಡೆಯಿತು. ಕಪ್ಪು–ಹಳದಿ ಬಣ್ಣ ತಳೆದು ಮುಂಬಯಿಯ ಟ್ಯಾಕ್ಸಿಯಾಗಿ ಅಸಂಖ್ಯ ಕುಟುಂಬಗಳಿಗೆ ಅನ್ನ ನೀಡಿತು.

ಆದರೆ ಚರಿತ್ರೆ ಹೊಗಳಿಕೆಯಲ್ಲಿ ಮುಗಿಯಬಾರದು. ಪರವಾನಗಿಯ ಆ ದಿನಗಳಲ್ಲಿ ಕಾರು ಬೇಕಾದವರು ಹಣ ಕಟ್ಟಿ ವರ್ಷಗಟ್ಟಲೆ ಕಾಯುತ್ತಿದ್ದರು. ಪೈಪೋಟಿಯಿಲ್ಲದ ಕಾರಣ ಸುಧಾರಣೆಯ ಒತ್ತಡವೂ ಇರಲಿಲ್ಲ. 1983ರ ಡಿಸೆಂಬರಿನಲ್ಲಿ ಮಾರುತಿ ಬಂದಾಗ ಜನರು ಅತ್ತ ಹೊರಳಿದರು. 2000ದ ಆಸುಪಾಸಿನಲ್ಲಿ ಪದ್ಮಿನಿಯ ತಯಾರಿಕೆ ನಿಂತಿತು. 2023ರ ಅಕ್ಟೋಬರಿನಲ್ಲಿ ಮುಂಬಯಿಯ ಕೊನೆಯ ಪದ್ಮಿನಿ ಟ್ಯಾಕ್ಸಿಯೂ ಸೇವೆಯಿಂದ ನಿವೃತ್ತವಾಯಿತು.

ನಮ್ಮ ಶಾಲೆ ನೂರು ತುಂಬಿದ ಈ ಹೊತ್ತಿನಲ್ಲಿ ನಾನು ಈ ಕಥೆಯನ್ನು ಮತ್ತೆ ಮತ್ತೆ ನೆನೆಯುತ್ತೇನೆ. ಗಡಿಯಾಚೆಯ ಕನ್ನಡ ಶಾಲೆಗೆ ಅಭಿಮಾನವೊಂದೇ ಆಸರೆಯಾಗಲಾರದು. 'ಮಕ್ಕಳು ಬೇರೆಲ್ಲಿಗೆ ಹೋದಾರು?' ಎಂದು ನಿಶ್ಚಿಂತರಾಗಿ ಕುಳಿತರೆ ಅವರು ಹೋಗಿಯೇ ಹೋಗುತ್ತಾರೆ. ಸ್ಥಾಪಕರ ಛಲವನ್ನು ಸ್ಮರಿಸೋಣ; ಅದರೊಂದಿಗೆ ಪ್ರತಿ ತಲೆಮಾರಿಗೂ ಕಲಿಕೆಯನ್ನು ಹೊಸದಾಗಿಸುವ ಹೊಣೆಯನ್ನೂ ಹೊರೋಣ.