ನಾಣೇಘಾಟದ ಶಾಸನ: ಕೊಟ್ಟ ಲೆಕ್ಕ, ಪಡೆದ ಲೆಕ್ಕ

ಸಹ್ಯಾದ್ರಿಯ ನೆತ್ತಿಯೇ ದಖ್ಖನ್ನಿನ ಜಲವಿಭಾಜಕ ರೇಖೆ. ಅದರ ಪಶ್ಚಿಮಕ್ಕೆ ಬಿದ್ದ ಮಳೆ ಕೊಂಕಣದ ಹೊಳೆಗಳಲ್ಲಿ ಹರಿದು ಬೇಗನೆ ಅರಬ್ಬೀ ಸಮುದ್ರವನ್ನು ಸೇರುತ್ತದೆ. ಪೂರ್ವಕ್ಕೆ ಬಿದ್ದದ್ದು ಕುಕಡಿ, ಘೋಡ್, ಭೀಮಾ ನದಿಗಳ ಹಾದಿ ಹಿಡಿದು, ಕಲಬುರಗಿ ಸೀಮೆಯನ್ನು ಹಾಯ್ದು, ಕೃಷ್ಣೆಯೊಡನೆ ಬಂಗಾಳಕೊಲ್ಲಿಗೆ ಹೋಗುತ್ತದೆ. ಪ್ರಾಚೀನ ವರ್ತಕರು ಈ ರೇಖೆಯನ್ನು ದಾಟುತ್ತಿದ್ದ ಘಟ್ಟದ ದಾರಿಗಳಲ್ಲಿ ಮಹಾರಾಷ್ಟ್ರದ ಜುನ್ನರಕ್ಕೆ ಪಶ್ಚಿಮದಲ್ಲಿರುವ ನಾಣೇಘಾಟ ಹೆಸರಾದುದು. ಕಲ್ಯಾಣ, ಸೋಪಾರಗಳ ಬಂದರುಗಳಿಂದ ಹೊರಟ ಸರಕು ಇದನ್ನೇರಿ ಜುನ್ನರ, ಪೈಠಣಗಳತ್ತ ಸಾಗುತ್ತಿತ್ತು.

ಕಣಿವೆಯ ತುದಿಯಲ್ಲಿ ಬಂಡೆಯನ್ನು ಕೊರೆದು ಮಾಡಿದ ಗುಹೆಯೊಂದಿದೆ. ಅದರ ಗೋಡೆಗಳ ಮೇಲೆ ಬ್ರಾಹ್ಮೀ ಲಿಪಿಯ ದೀರ್ಘ ಪ್ರಾಕೃತ ಶಾಸನವಿದೆ. ಇದು ಕ್ರಿ.ಪೂ. 1ನೆಯ ಶತಮಾನದ್ದೆಂದೂ, ಶಾತವಾಹನ ರಾಜ ಶಾತಕರ್ಣಿಯ ಪತ್ನಿ ನಾಗನಿಕೆಯದೆಂದೂ ಬಹುಮಂದಿ ವಿದ್ವಾಂಸರ ಮತ. ಹಿಂಗೋಡೆಯಲ್ಲಿ ರಾಜವಂಶದವರ ಉಬ್ಬುಶಿಲ್ಪಗಳಿದ್ದವು. ಅವು ನಾಶವಾಗಿದ್ದರೂ ಮೇಲೆ ಕೆತ್ತಿದ ಹೆಸರುಗಳಿಂದ ಯಾರು ಯಾರೆಂದು ತಿಳಿಯುತ್ತದೆ. ಶಾಸನವು ರಾಣಿಯನ್ನು ತಿಂಗಳ ಉಪವಾಸ ಕೈಗೊಂಡವಳು, ಮನೆಯಲ್ಲಿದ್ದೇ ತಪಸ್ವಿನಿಯಂತೆ ಬಾಳಿದವಳು ಎಂದು ವರ್ಣಿಸುತ್ತದೆ. ಮಾಸೋಪವಾಸದ ಪರಿಚಯವುಳ್ಳ ಶ್ರಾವಕ ಕುಟುಂಬಗಳಿಗೆ ಇದು ಕುತೂಹಲದ ಸಂಗತಿಯಾದರೂ ಆಕೆಯ ಧರ್ಮ ವೈದಿಕವಾದುದು. ಅಶ್ವಮೇಧವೇ ಮೊದಲಾದ ಯಜ್ಞಗಳು, ಅವುಗಳಿಗೆ ಕೊಟ್ಟ ದಕ್ಷಿಣೆ, ಇವೇ ಶಾಸನದ ವಸ್ತು. ಅಹಿಂಸಾವ್ರತಿಗಳಿಗೆ ಆ ಯಜ್ಞಗಳು ಒಪ್ಪಿಗೆಯಾಗಲಾರವು. ಇತಿಹಾಸಕ್ಕೆ ಈ ಶಾಸನದ ಬೆಲೆ ಇರುವುದು ಅದರ ಲೆಕ್ಕದಲ್ಲಿ.

11,000 ಗೋವುಗಳು, 1,000 ಕುದುರೆಗಳು, 24,400 ಕಾರ್ಷಾಪಣಗಳು ಎಂದು ದಾನಗಳು ಅಂಕಿಗಳಲ್ಲಿಯೇ ನಮೂದಾಗಿವೆ. ಭಾರತದಲ್ಲಿ ದೊರೆತ ಅತ್ಯಂತ ಪ್ರಾಚೀನ ಅಂಕಿಗಳಲ್ಲಿ ಇವೂ ಸೇರಿವೆ. ಸೊನ್ನೆಯೂ ಸ್ಥಾನಬೆಲೆಯೂ ಆಗ ಬಳಕೆಗೆ ಬಂದಿರಲಿಲ್ಲ. ನೂರಕ್ಕೊಂದು, ಸಾವಿರಕ್ಕೊಂದು ಚಿಹ್ನೆ. ನಾಲ್ಕು ಸಾವಿರ ಬರೆಯಬೇಕಾದರೆ ಸಾವಿರದ ಚಿಹ್ನೆಗೆ ನಾಲ್ಕನ್ನು ಅಂಟಿಸುವುದು. ಹತ್ತೊಂಬತ್ತನೆಯ ಶತಮಾನದಲ್ಲಿ ಪಂಡಿತ ಭಗವಾನಲಾಲ್ ಇಂದ್ರಜೀ ಈ ಅಂಕಿಗಳನ್ನು ವಿವೇಚಿಸಿದರು. ಜಿನಭಕ್ತನಾದ ಖಾರವೇಲನ ಹಾಥಿಗುಂಫಾ ಶಾಸನದ ಅಧ್ಯಯನದಲ್ಲಿಯೂ ಅವರ ಸೇವೆ ಸ್ಮರಣೀಯ. ಆ ಶಾಸನವೂ ಒಬ್ಬ ಶಾತಕರ್ಣಿಯನ್ನು ಹೆಸರಿಸುತ್ತದೆ. ಅವನನ್ನು ಲೆಕ್ಕಿಸದೆ ಖಾರವೇಲನು ಪಶ್ಚಿಮಕ್ಕೆ ಸೈನ್ಯ ಕಳುಹಿಸಿದನಂತೆ!

ಗುಹೆಯಲ್ಲಿರುವುದು ಖರ್ಚಿನ ಪುಟ ಮಾತ್ರ. ಜಮೆಯ ಪುಟವನ್ನು ಹೊರಗೆ ಹುಡುಕಬೇಕು. ದಾರಿಯ ಬದಿಯಲ್ಲಿ ಕಲ್ಲಿನಲ್ಲಿ ಕಡೆದ ದೊಡ್ಡ ಹರವಿಯೊಂದಿದೆ. ವರ್ತಕರು ಸುಂಕದ ನಾಣ್ಯಗಳನ್ನು ಅದರಲ್ಲಿ ಹಾಕುತ್ತಿದ್ದರೆಂದು ಪರಂಪರೆಯ ನಂಬಿಕೆ. ಮರಾಠಿಯಲ್ಲಿ ‘ನಾಣೆ’ ಎಂದರೆ ನಾಣ್ಯವೇ. ಆ ನಂಬಿಕೆ ನಿಜವಾದರೆ, ಒಳಗೆ ಎಣಿಸಿಟ್ಟ ಕಾರ್ಷಾಪಣಗಳಲ್ಲಿ ಎಷ್ಟೋ ಈ ಹರವಿಯಿಂದ ಬಂದವು. ಎತ್ತುಗಳನ್ನು ಹೊಡೆದುಕೊಂಡು ಘಟ್ಟವೇರಿದ ವರ್ತಕನ ಹೆಸರಾಗಲಿ, ಅವನು ತೆತ್ತ ಸುಂಕದ ದರವಾಗಲಿ ರಾಣಿಯ ಶಾಸನದಲ್ಲಿಲ್ಲ.

ವರ್ತಕರ ಕೈಬರಹ ಬೇಕೆನ್ನುವವರು ಘಟ್ಟದಿಂದ ಪೂರ್ವಕ್ಕೆ, ಜುನ್ನರದ ಬೌದ್ಧ ಗುಹೆಗಳಿಗೆ ಹೋಗಬೇಕು. ಅಲ್ಲಿ ಧಾನ್ಯ ವ್ಯಾಪಾರಿಗಳ ಶ್ರೇಣಿಯೊಂದು ಏಳು ಕೋಣೆಗಳ ಗುಹೆಯನ್ನೂ ನೀರಿನ ತೊಟ್ಟಿಯನ್ನೂ ದಾನಮಾಡಿ, ತನ್ನ ಹೆಸರನ್ನು ತಾನೇ ಒಂದು ಸಾಲಿನಲ್ಲಿ ಕೆತ್ತಿಸಿದೆ.