ಮಿದುಳೊಳಗೆ ಶ್ರವಣಾತೀತ ಧ್ವನಿ

ಸೆಕೆಂಡಿಗೆ ಸುಮಾರು 20 ಸಾವಿರ ಕಂಪನಗಳನ್ನು ಮೀರಿದ ಧ್ವನಿ ಮನುಷ್ಯನ ಕಿವಿಗೆ ಕೇಳಿಸದು. ಇದಕ್ಕೆ ಶ್ರವಣಾತೀತ ಧ್ವನಿಯೆಂದು ಹೆಸರು. ಭೂತಗನ್ನಡಿಯಿಂದ ಬಿಸಿಲನ್ನು ಕೂಡಿಸಿ ಕಾಗದ ಸುಡುವಂತೆ, ಈ ಧ್ವನಿಯನ್ನು ಒಂದು ಬಿಂದುವಿನಲ್ಲಿ ಕೂಡಿಸಿ, ಕತ್ತಿ ಸೋಕಿಸದೆಯೇ ಮಿದುಳಿನ ಆಳದಲ್ಲಿರುವ ಒಂದು ಚೂರನ್ನು ಅಳಿಸಬಹುದು. ಈ ವಿದ್ಯೆ ಕೈಗೂಡಿದ್ದು ಹೇಗೆ? ಅದಕ್ಕೆ ಬೆಲೆ ತೆತ್ತವರು ಯಾರು?

ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಫ್ರಾನ್ಸಿನ ಪಾಲ್ ಲಾಂಜೆವಿನ್ ಜಲಾಂತರ್ಗಾಮಿಗಳನ್ನು ಪತ್ತೆಹಚ್ಚಲು ನೀರಿನಲ್ಲಿ ಇಂಥ ಧ್ವನಿಯನ್ನು ಹೊರಡಿಸಿದಾಗ, ಅದರ ಹಾದಿಗೆ ಬಂದ ಮೀನುಗಳು ಸತ್ತವು. 1927ರಲ್ಲಿ ಅಮೆರಿಕದ ವುಡ್ ಮತ್ತು ಲೂಮಿಸ್ ಮೀನು, ಕಪ್ಪೆಗಳ ಮೇಲೆ ಇದನ್ನು ಕ್ರಮವಾಗಿ ಪರೀಕ್ಷಿಸಿದರು.

ಧ್ವನಿಗೆ ಕೊಲ್ಲುವ ಶಕ್ತಿ ಇದೆಯೆಂದಾಯಿತು. ಆದರೆ ಅಳತೆಯಿಲ್ಲದ ಶಕ್ತಿ ಔಷಧವಾಗದಷ್ಟೆ. ಅಳತೆಯ ಮಾತು ಬಂದಾಗ ನಮ್ಮ ಬೆಂಗಳೂರಿನ ಹೆಸರೂ ಬರುತ್ತದೆ. ರಾಜಾಜಿನಗರಕ್ಕೆ ಅನತಿದೂರದಲ್ಲಿರುವ, ಜನ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸರ್ ಸಿ. ವಿ. ರಾಮನ್ ಮತ್ತು ಎನ್. ಎಸ್. ನಾಗೇಂದ್ರನಾಥ್ ಅವರು 1935-36ರಲ್ಲಿ ಒಂದು ಸಿದ್ಧಾಂತವನ್ನು ರೂಪಿಸಿದರು. ಶ್ರವಣಾತೀತ ಅಲೆಗಳು ತುಂಬಿದ ದ್ರವದ ಮೂಲಕ ಹಾಯುವ ಬೆಳಕು ಹಲವು ಕಿರಣಗಳಾಗಿ ಒಡೆಯುವುದೇಕೆಂಬುದನ್ನು ಅದು ವಿವರಿಸಿತು. ಕಿವಿಗೆ ನಿಲುಕದ್ದನ್ನು ಬೆಳಕಿನಿಂದ ಅಳೆಯಲು ಇದರಿಂದ ದಾರಿಯಾಯಿತು.

1942ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯದ ಲಿನ್ ಮತ್ತು ಸಂಗಡಿಗರು ಧ್ವನಿಯನ್ನು ಒಂದೆಡೆ ಕೇಂದ್ರೀಕರಿಸಿ ಪ್ರಾಣಿಗಳ ಮಿದುಳಿನ ಮೇಲೆ ಪ್ರಯೋಗಿಸಿದರು. ಆದರೆ ತಲೆಬುರುಡೆ ಅಡ್ಡಬಂದಿತು. ಮೂಳೆಯು ಧ್ವನಿಯನ್ನು ಹೀರಿ ಕಾಯುತ್ತದೆ, ಅಲೆಗಳ ಗುರಿಯನ್ನೂ ಕೆಡಿಸುತ್ತದೆ. ಒಳಗಿನ ಗಾಯದೊಡನೆ ಮೇಲಿನ ಚರ್ಮಕ್ಕೂ ಪೆಟ್ಟಾಗುತ್ತಿತ್ತು.

1950ರ ದಶಕದಲ್ಲಿ ಇಲಿನಾಯ್ ವಿಶ್ವವಿದ್ಯಾನಿಲಯದ ಸೋದರರಾದ ವಿಲಿಯಂ ಫ್ರೈ ಮತ್ತು ಫ್ರಾನ್ಸಿಸ್ ಫ್ರೈ ಬೇರೊಂದು ಉಪಾಯ ಹೂಡಿದರು. ಬೆಕ್ಕು, ಕೋತಿಗಳ ಬುರುಡೆಯ ಒಂದು ಭಾಗವನ್ನು ತೆಗೆದು, ನಾಲ್ಕು ದಿಕ್ಕಿನಿಂದ ಧ್ವನಿಕಿರಣಗಳನ್ನು ಹಾಯಿಸಿದರು. ಒಂದೊಂದು ಕಿರಣವೂ ತಾನಾಗಿ ನಿರಪಾಯಕಾರಿ. ನಾಲ್ಕೂ ಕೂಡುವಲ್ಲಿ ಮಾತ್ರ ಗಾಯ. ಆ ಮಿದುಳುಗಳನ್ನು ತೆಳುವಾಗಿ ಕತ್ತರಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಅಚ್ಚರಿ ಕಾದಿತ್ತು. ಪ್ರಮಾಣ ತಕ್ಕಷ್ಟಿದ್ದರೆ ಬಿಳಿಯ ಭಾಗದ ನರತಂತುಗಳು ಅಳಿದರೂ ಪಕ್ಕದ ಬೂದುಬಣ್ಣದ ಭಾಗದ ಜೀವಕೋಶಗಳೂ ರಕ್ತನಾಳಗಳೂ ಉಳಿದಿದ್ದವು. ಪ್ರಮಾಣ ಮಿತಿಮೀರಿದರೆ ಎಲ್ಲವೂ ನಾಶ. ಅದೇ ದಶಕದಲ್ಲಿ ಅಯೋವಾದ ಶಸ್ತ್ರವೈದ್ಯ ರಸೆಲ್ ಮೇಯರ್ಸ್ ಅವರೊಡನೆ ಸೇರಿ, ಅವರು ಪಾರ್ಕಿನ್ಸನ್ ರೋಗಿಗಳಿಗೂ ಈ ಚಿಕಿತ್ಸೆಯನ್ನು ನೀಡಿದರು.

ಬುರುಡೆ ತೆರೆಯದೆ ಚಿಕಿತ್ಸೆ ಮಾಡಲು ಇನ್ನೂ ದಶಕಗಳೇ ಬೇಕಾದವು. ಮೂಳೆಯ ದಪ್ಪವನ್ನು ಸಿ.ಟಿ. ಚಿತ್ರದಿಂದ ತಿಳಿದು, ನೂರಾರು ಧ್ವನಿಮೂಲಗಳನ್ನು ಅದಕ್ಕೆ ಹೊಂದಿಸುವುದನ್ನೂ, ಒಳಗಿನ ಬಿಸಿಯನ್ನು ಎಂ.ಆರ್.ಐ. ಯಂತ್ರದಲ್ಲಿ ನೋಡುವುದನ್ನೂ ವಿಜ್ಞಾನಿಗಳು ಕಲಿತರು. ಕೈನಡುಕದ ಒಂದು ಬಗೆಯ ರೋಗಕ್ಕೆ ಅಮೆರಿಕ ಸರ್ಕಾರ 2016ರಲ್ಲಿ ಈ ಚಿಕಿತ್ಸೆಯನ್ನು ಒಪ್ಪಿತು. ಆ ಯಂತ್ರದಲ್ಲಿ 1024 ಧ್ವನಿಮೂಲಗಳು. ಕಂಪನ ಸುಮಾರು 650 ಕಿಲೋಹರ್ಟ್ಸ್. ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸ್ ನಮ್ಮ ಮನೆಗಳಿಗೆ ಪರಿಚಿತ ಸಂಖ್ಯೆಯೇ. ಅದು ರೇಡಿಯೋ ಅಲೆ, ಇದು ಧ್ವನಿ ಎಂಬುದಷ್ಟೇ ಭೇದ.

ನಡುಗುವ ಕೈಯೊಂದು ಇಂದು ನೀರಿನ ಲೋಟವನ್ನು ತುಳುಕಿಸದೆ ಎತ್ತುತ್ತಿದ್ದರೆ, ಎಷ್ಟು ಧ್ವನಿ ಸಾಕು, ಎಷ್ಟು ಹೆಚ್ಚು ಎಂಬ ಲೆಕ್ಕವನ್ನು ಕಲಿಸಿದ್ದು ಮೂಕಪ್ರಾಣಿಗಳು. ಪ್ರಯೋಗಗಳಲ್ಲಿ ಪ್ರಾಣಿಗಳಿಗೆ ಅನವಶ್ಯಕವಾಗಿ ನೋವಾಗದಂತೆ ನೋಡಿಕೊಳ್ಳಲು ಸಮಿತಿಯೊಂದಕ್ಕೆ ನಮ್ಮ ದೇಶದ 1960ರ ಪ್ರಾಣಿಹಿಂಸೆ ತಡೆ ಕಾಯಿದೆ ಅವಕಾಶ ಮಾಡಿಕೊಟ್ಟಿತು. ಚಿಕಿತ್ಸೆಯ ಫಲವನ್ನು ಉಣ್ಣುವ ನಾವು ಆ ಕಾಯಿದೆಯ ಆಶಯವನ್ನು ಮರೆಯಬಾರದು.