ಅರಮನೆ ದಿಬ್ಬದಿಂದ ಕೆರೆಯ ಏರಿಗೆ

ಬಿ.ಎಲ್. ರೈಸ್ ಸಂಪಾದಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 12 ಸಂಪುಟಗಳನ್ನು ಎಷ್ಟು ತಿರುವಿದರೂ ಹಂಪಿಯ ವಿಠ್ಠಲ ಗುಡಿಯ ಶಾಸನ ಸಿಗುವುದಿಲ್ಲ. ಕನ್ನಡ ಶಾಸನ ಎಂದ ಕೂಡಲೇ ನೆನಪಿಗೆ ಬರುವ ಗ್ರಂಥಮಾಲೆಯಲ್ಲಿ ಕನ್ನಡ ನಾಡಿನ ಅತಿ ದೊಡ್ಡ ರಾಜಧಾನಿಯೇ ಇಲ್ಲ. ಇದರ ಕಾರಣ ಆಡಳಿತದ ಗಡಿ. 1800ರಲ್ಲಿ ನಿಜಾಮ ಕಂಪನಿಗೆ ಬಿಟ್ಟುಕೊಟ್ಟ ಬಳ್ಳಾರಿ ಸೀಮೆ ಮದ್ರಾಸಿಗೆ ಸೇರಿತು, 1953ರ ಅಕ್ಟೋಬರ್ 1ರವರೆಗೂ ಅಲ್ಲೇ ಉಳಿಯಿತು. ಸಂಡೂರು ಘೋರ್ಪಡೆ ಮನೆತನದ ಪ್ರತ್ಯೇಕ ಸಂಸ್ಥಾನ. ರೈಸ್ ಓದಿದ್ದು ಮೈಸೂರು ಮತ್ತು ಕೊಡಗಿನ ಕಲ್ಲುಗಳನ್ನು. ಹಂಪಿ, ಹೊಸಪೇಟೆ ಕಡೆಯ ಶಾಸನಗಳು 1923ರಲ್ಲಿ ಬಂದ ‘ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್’ 4ನೇ ಸಂಪುಟದಲ್ಲಿ, ಆಮೇಲೆ ಮದ್ರಾಸ್ ಪ್ರಾಂತ್ಯದ ಕನ್ನಡ ಶಾಸನಗಳಿಗೆಂದೇ ಮೀಸಲಾದ 9ನೇ ಸಂಪುಟದ ಎರಡು ಭಾಗಗಳಲ್ಲಿ ಚದುರಿಹೋದವು. ಈ ಸೀಮೆಯ ಬಗ್ಗೆ ಯಾರು, ಯಾವ ಭಾಷೆಯಲ್ಲಿ, ಎಲ್ಲಿ ಕುಳಿತು ಬರೆದರು ಎಂಬುದನ್ನು ಬಹುಕಾಲ ನಿರ್ಧರಿಸಿದ್ದು ಈ ಗಡಿಯೇ.

ಗಡಿ ಬಿದ್ದ ಹೊತ್ತಿಗೇ ಮೊದಲ ಕೆಲಸವೂ ಆರಂಭವಾಯಿತು. ಸರ್ವೇ ಅಧಿಕಾರಿ ಕಾಲಿನ್ ಮೆಕೆಂಜಿ ಹಂಪಿಯ ನೆಲವನ್ನು ಅಳೆಸಿ ನಕ್ಷೆ ಬರೆಸಿದ. ಅವನ ಬಲಗೈಯಂತಿದ್ದ ಕಾವಲಿ ವೆಂಕಟ ಬೊರಯ್ಯ, ಲಕ್ಷ್ಮಯ್ಯ ಸೋದರರು ಮತ್ತು ಅವರ ಸಂಗಡಿಗರು ಊರೂರು ತಿರುಗಿ ಶಾನುಭೋಗರು, ಗೌಡರು, ಪೂಜಾರಿಗಳಿಂದ ಊರಿನ ಕಥೆ ಬರೆಸಿಕೊಂಡರು. ಅವೇ ಕೈಫಿಯತ್ತುಗಳು. ಸುಮಾರು ಎರಡು ಶತಮಾನದ ಮೇಲೆ, 1994ರಲ್ಲಿ, ಎಂ.ಎಂ. ಕಲಬುರ್ಗಿ ‘ಕರ್ನಾಟಕದ ಕೈಫಿಯತ್ತುಗಳು’ ಸಂಪುಟವನ್ನು ಹಂಪಿ ಕನ್ನಡ ವಿಶ್ವವಿದ್ಯಾಲಯದಿಂದ ಹೊರತಂದಾಗ ಆ ಮಾತುಗಳು ಹುಟ್ಟಿದ ಸೀಮೆಗೆ ಮರಳಿದವು. ಕೈಫಿಯತ್ತಿನಲ್ಲಿ ತೇದಿ ತಪ್ಪಬಹುದು, ರಾಜರ ವಂಶಾವಳಿ ಕಲಸಿಹೋಗಬಹುದು. ಆದರೆ ಕೆರೆ ಕಟ್ಟಿಸಿದವರು ಯಾರು, ಗುಡಿಗೆ ಬಿಟ್ಟ ಗದ್ದೆ ಎಲ್ಲಿತ್ತು ಎಂಬುದನ್ನು ಊರು ಹೇಗೆ ನೆನಪಿಟ್ಟುಕೊಂಡಿತ್ತು ಎಂದು ತಿಳಿಯಲು ಅದಕ್ಕಿಂತ ಹತ್ತಿರದ ಸಾಕ್ಷಿ ಬೇರೆ ಇಲ್ಲ.

1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಮೇಣ ಹಚ್ಚಿದ ಕಾಗದದ ನೆಗೆಟಿವ್‌ಗಳಲ್ಲಿ ಹಂಪಿಯನ್ನು ಸೆರೆಹಿಡಿದ. 1983ರಲ್ಲಿ ಆಸ್ಟ್ರೇಲಿಯಾದ ಛಾಯಾಗ್ರಾಹಕ ಜಾನ್ ಗಾಲಿಂಗ್ಸ್ ಅದೇ ಜಾಗಗಳಲ್ಲಿ ನಿಂತು ಮತ್ತೆ ಚಿತ್ರ ತೆಗೆದರು. ಎರಡನ್ನೂ ಅಕ್ಕಪಕ್ಕ ಇಟ್ಟ ಪುಸ್ತಕ ಜಾರ್ಜ್ ಮಿಷೆಲ್ ಸಂಪಾದಕತ್ವದಲ್ಲಿ 2008ರಲ್ಲಿ ಬಂತು. ಜೀರ್ಣೋದ್ಧಾರದ ಬಗ್ಗೆ ಮಾತಾಡುವ ಯಾರೇ ಆಗಲಿ ಮೊದಲು ಆ ಪುಟಗಳನ್ನು ನೋಡಬೇಕು.

ಇನ್ನು ರಾಬರ್ಟ್ ಸೆವೆಲ್. 1897ರಲ್ಲಿ ಲಿಸ್ಬನ್‌ನಲ್ಲಿ ಡೇವಿಡ್ ಲೋಪೆಸ್ ಪ್ರಕಟಿಸಿದ ಪೋರ್ಚುಗೀಸ್ ಬರಹಗಳನ್ನು ಇಂಗ್ಲಿಷಿಗೆ ತಂದು, ಅದಕ್ಕೆ ಚರಿತ್ರೆಯ ಚೌಕಟ್ಟು ಹಾಕಿ ಸೆವೆಲ್ 1900ರಲ್ಲಿ ‘ಎ ಫರ್ಗಾಟನ್ ಎಂಪೈರ್’ ಪ್ರಕಟಿಸಿದರು. ಡೊಮಿಂಗೊ ಪಾಯಸ್ ಮತ್ತು ಫೆರ್ನಾವೊ ನೂನಿಜ್ ಕಂಡ ಪೇಟೆ, ಮಹಾನವಮಿ, ಕುದುರೆ ವ್ಯಾಪಾರ ಎಲ್ಲವೂ ನಮ್ಮ ಪಠ್ಯಪುಸ್ತಕಕ್ಕೆ ಬಂದದ್ದು ಅದೇ ದಾರಿಯಿಂದ. ಎಚ್.ಎಲ್. ನಾಗೇಗೌಡರ ‘ಪ್ರವಾಸಿ ಕಂಡ ಇಂಡಿಯಾ’ ಸಂಪುಟಗಳು ಇಂಥ ಪ್ರವಾಸಕಥನಗಳನ್ನು ಕನ್ನಡದ ಮನೆಗಳಿಗೆ ತಲುಪಿಸಿದವು. ಸೆವೆಲ್ ಪುಸ್ತಕದ ಉಪಕಾರ ದೊಡ್ಡದು, ಅದನ್ನು ಮರೆಯಬಾರದು. ಆದರೆ ಅದರ ಎರಡು ನಿಲುವುಗಳನ್ನು ಬಿಡಿಸಿಕೊಳ್ಳಲು ಮುಂದಿನವರಿಗೆ ಬಹಳ ಕಾಲ ಹಿಡಿಯಿತು. ಒಂದು, ವಿಜಯನಗರ ಸಾಮ್ರಾಜ್ಯವೆಂದರೆ ಇಸ್ಲಾಮಿಗೆ ಅಡ್ಡ ಕಟ್ಟಿದ ಗೋಡೆ ಎಂಬುದು. ಇನ್ನೊಂದು, 1565ರ ಸೋಲಿನೊಂದಿಗೆ ಎಲ್ಲವೂ ಮುಗಿಯಿತು, ಮರೆತುಹೋಯಿತು ಎಂಬುದು. ವಿರೂಪಾಕ್ಷನ ತೇರು ನಿಂತಿರಲಿಲ್ಲ. ರಾಯ, ಬಸವ, ತುರ್ತು ಕಾಲುವೆಗಳಲ್ಲಿ ನೀರು ಹರಿಯುತ್ತಲೇ ಇತ್ತು, ಇಂದಿಗೂ ಹರಿಯುತ್ತಿದೆ. ಆ ನೀರಿನಲ್ಲಿ ಭತ್ತ ನೆಟ್ಟವರು ಏನನ್ನೂ ಮರೆತಿರಲಿಲ್ಲ.

ಪುರಾತತ್ವ ಇಲಾಖೆಯ ಎ.ಎಚ್. ಲಾಂಗ್‌ಹರ್ಸ್ಟ್ 1917ರಲ್ಲಿ ‘ಹಂಪಿ ರೂಯಿನ್ಸ್’ ಬರೆದರು. ಕಟ್ಟಡಗಳ ಕ್ರಮವಾದ ವಿವರಣೆ ಅದು. ಅದೇ ವರ್ಷ ಆಲೂರು ವೆಂಕಟರಾಯರ ‘ಕರ್ನಾಟಕ ಗತವೈಭವ’ ಹೊರಬಂತು. ಒಂದು ಅಳತೆಪಟ್ಟಿ ಹಿಡಿದ ಪುಸ್ತಕ, ಇನ್ನೊಂದು ಹಂಪಿಯ ಕಲ್ಲುಗಳ ಮುಂದೆ ಕರಗಿದ ಮನಸ್ಸಿನ ಪುಸ್ತಕ. ಏಕೀಕರಣಕ್ಕೆ ಉಸಿರು ಕೊಟ್ಟದ್ದು ಎರಡನೆಯದು.

1920, 30ರ ದಶಕಗಳಲ್ಲಿ ವಿಜಯನಗರದ ಮೂಲದ ಬಗ್ಗೆ ವಿದ್ವಾಂಸರ ಹೊಡೆದಾಟ ಶುರುವಾಯಿತು. ಎಸ್. ಕೃಷ್ಣಸ್ವಾಮಿ ಅಯ್ಯಂಗಾರರು 1919ರಲ್ಲೇ ‘ಸೋರ್ಸಸ್ ಆಫ್ ವಿಜಯನಗರ ಹಿಸ್ಟರಿ’ಯಲ್ಲಿ ಸಾಹಿತ್ಯದ ಆಕರಗಳನ್ನು ಕಲೆಹಾಕಿದ್ದರು. ನೇಲಟೂರಿ ವೆಂಕಟರಮಣಯ್ಯ ಸಾಮ್ರಾಜ್ಯ ಸ್ಥಾಪಿಸಿದ ಸಂಗಮ ಮನೆತನದ ಬೇರನ್ನು ತೆಲುಗು ನೆಲದಲ್ಲಿ ಹುಡುಕಿದರು. ಫಾದರ್ ಹೆನ್ರಿ ಹೇರಾಸ್ ಹೊಯ್ಸಳರ ಕಡೆ ಬೆರಳು ತೋರಿದರು, ಸ್ಥಾಪನೆಗೆ ವಿದ್ಯಾರಣ್ಯರು ಕಾರಣರೆಂಬ ಕಥೆ ಆಮೇಲೆ ಕಟ್ಟಿದ್ದು ಎಂದೂ ವಾದಿಸಿದರು. ದಕ್ಷಿಣ ಕನ್ನಡದ ಬಿ.ಎ. ಸಾಲೆತ್ತೂರು 1934ರಲ್ಲಿ ಎರಡು ಸಂಪುಟಗಳಲ್ಲಿ ಸಮಾಜ ಮತ್ತು ರಾಜಕೀಯ ಜೀವನವನ್ನು ಬರೆದು ಕನ್ನಡದ ಪಕ್ಷವನ್ನು ಗಟ್ಟಿಮಾಡಿದರು. 1936ರಲ್ಲಿ ಧಾರವಾಡದಿಂದ ಸಾಮ್ರಾಜ್ಯ ಸ್ಥಾಪನೆಯ 600ನೆಯ ವರ್ಷದ ಸ್ಮರಣ ಸಂಪುಟ ಬಂತು. ಈ ಜಗಳದಲ್ಲಿ ಪ್ರಾಂತ್ಯಾಭಿಮಾನ ಎದ್ದು ಕಾಣುತ್ತದೆ, ನಿಜ. ಆದರೂ ಪ್ರತಿಯೊಬ್ಬರೂ ಎದುರಾಳಿಯನ್ನು ಸೋಲಿಸಲು ಹೊಸ ಶಾಸನ, ಹೊಸ ತಾಳೆಗರಿ ಹುಡುಕಲೇಬೇಕಾಯಿತು. ಆ ಹುಡುಕಾಟದ ಫಲವೇ 1946ರಲ್ಲಿ ನೀಲಕಂಠ ಶಾಸ್ತ್ರಿ, ವೆಂಕಟರಮಣಯ್ಯ ಸೇರಿ ತಂದ ಮೂರು ಸಂಪುಟಗಳ ಹೊಸ ಆಕರಸಂಗ್ರಹ.

ಈ ವಾದದ ನಡುವೆ ಕಂಪ್ಲಿ ಮಂಕಾಯಿತು ಎಂಬುದು ನನ್ನ ದೂರು. ಕಂಪ್ಲಿ 11ನೇ ಶತಮಾನದಲ್ಲೇ ಚಾಲುಕ್ಯರ ಅರಮನೆ ಇದ್ದ ಊರು. ಚೋಳ ರಾಜಾಧಿರಾಜ ಅದನ್ನು ಕೆಡವಿದೆನೆಂದು ಹೇಳಿಕೊಂಡಿದ್ದಾನೆ. 1327ರ ಹೊತ್ತಿಗೆ ಮುಹಮ್ಮದ್ ಬಿನ್ ತುಘಲಕನ ವಿರುದ್ಧ ಬಂಡೆದ್ದು ಓಡಿಬಂದ ಬಹಾಉದ್ದೀನನಿಗೆ ಆಶ್ರಯ ಕೊಟ್ಟು ಕಂಪಿಲರಾಯ ರಾಜ್ಯವನ್ನೇ ಕಳೆದುಕೊಂಡ. ಇಬ್ನ್ ಬತೂತ ಆ ಕಥೆಯನ್ನು ದಾಖಲಿಸಿದ್ದಾನೆ. ಕಂಪಿಲರಾಯನ ಮಗ ಕುಮಾರರಾಮನನ್ನು ಹಾಡಿದವರು ನಮ್ಮ ಸಾಂಗತ್ಯ ಕವಿಗಳು, ಆಮೇಲೆ ಹಳ್ಳಿಯ ಹಾಡುಗಾರರು. ಚಿತ್ರದುರ್ಗದ ಹುಲ್ಲೂರು ಶ್ರೀನಿವಾಸ ಜೋಯಿಸರು ಕುಮಾರರಾಮನ ಬೆನ್ನುಹತ್ತಿದರು. ಜಿ. ವರದರಾಜರಾವ್ ‘ಕುಮಾರರಾಮನ ಸಾಂಗತ್ಯಗಳು’ ಎಂಬ ಮಹಾಪ್ರಬಂಧದಲ್ಲಿ ಆ ಕಾವ್ಯಗಳನ್ನೆಲ್ಲ ಒಟ್ಟಿಗೆ ಇಟ್ಟು ತೂಗಿದರು. ಚನ್ನಬಸಪ್ಪ ಪಾಟೀಲರು ಕಂಪಿಲರಾಯನ ನೆಲೆಯಾದ ಕುಮ್ಮಟದ ಕೋಟೆ, ಗುಡಿಗಳನ್ನು ಪುರಾತತ್ವದ ಕಣ್ಣಿನಿಂದ ಅಳೆದರು. ಕಾವ್ಯ, ಜನರ ಬಾಯಿಮಾತು, ಕಲ್ಲು ಈ ಮೂರೂ ಒಂದೇ ವಿಷಯಕ್ಕೆ ಕೂಡಿಬಂದ ಇಂಥ ಉದಾಹರಣೆ ನಮ್ಮಲ್ಲಿ ಅಪರೂಪ. ವಿಜಯನಗರದ ಅರಮನೆ, ಗುಡಿಗಳ ಮೊದಲ ಮಾದರಿ ಎಲ್ಲಿಂದ ಬಂತು ಎಂದು ಕೇಳುವವರು ಹೊಳೆ ದಾಟಿ ಕುಮ್ಮಟಕ್ಕೂ ಹೋಗಬೇಕು.

1970ರ ದಶಕದ ಕೊನೆಯಲ್ಲಿ ಹಂಪಿಯಲ್ಲಿ ರಾಷ್ಟ್ರೀಯ ಯೋಜನೆಯಾಗಿ ಉತ್ಖನನ ಆರಂಭವಾದ ಮೇಲೆ ಪುಸ್ತಕಗಳ ಸ್ವರೂಪವೇ ಬದಲಾಯಿತು. ರಾಜ್ಯ ಪುರಾತತ್ವ ನಿರ್ದೇಶಕರಾಗಿದ್ದ ಎಂ.ಎಸ್. ನಾಗರಾಜರಾವ್ ಅದಕ್ಕೂ ಮೊದಲು ತೆಕ್ಕಲಕೋಟೆಯ ಶಿಲಾಯುಗದ ಬೆಟ್ಟವಾಸಿಗಳನ್ನು ಅಗೆದು ಬರೆದವರು. ಬೂದಿ, ಮಡಕೆಚೂರು ನೋಡಿ ಬದುಕನ್ನು ಓದುವ ಅಭ್ಯಾಸ ಅವರಿಗಿತ್ತು. ಅವರು ಸಂಪಾದಿಸಿದ ‘ವಿಜಯನಗರ: ಪ್ರೋಗ್ರೆಸ್ ಆಫ್ ರಿಸರ್ಚ್’ನ ಮೊದಲ ಸಂಪುಟ 1983ರಲ್ಲಿ ಬಂತು. ಡಿ.ವಿ. ದೇವರಾಜ್ ಮತ್ತು ಪಾಟೀಲರು ಆ ಮಾಲೆಯನ್ನು ಮುಂದುವರಿಸಿದರು, ಜೊತೆಗೆ ಕನ್ನಡದಲ್ಲಿ ‘ವಿಜಯನಗರ ಅಧ್ಯಯನ’ ಸಂಪುಟಗಳನ್ನೂ ತಂದರು. ಜಾನ್ ಫ್ರಿಟ್ಜ್, ಜಾರ್ಜ್ ಮಿಷೆಲ್ 1980ರಿಂದ ವರ್ಷವರ್ಷವೂ ಬಂದು ನಗರವನ್ನು ಚೌಕಗಳಾಗಿ ಹಂಚಿಕೊಂಡು, ಕುಸಿದ ಪಾಯಕ್ಕೂ ಒಂದು ಸಂಖ್ಯೆ ಕೊಟ್ಟು ದಾಖಲಿಸಿದರು. ನಾಗರಾಜರಾಯರ ಜೊತೆ ಅವರು 1984ರಲ್ಲಿ ಬರೆದ ಪುಸ್ತಕ ರಾಜಕೇಂದ್ರದ ವಿನ್ಯಾಸವನ್ನು ಹಜಾರರಾಮ ಗುಡಿಯ ಸುತ್ತ ಓದಿತು. ಆ ಒಂದೇ ಗುಡಿಯ ಮೇಲೆ 1992ರಲ್ಲಿ ಪೂರ್ಣ ಗ್ರಂಥ ಬಂತು, ಧಾರವಾಡದ ಎಸ್. ರಾಜಶೇಖರ ಅದರ ಲೇಖಕರಲ್ಲೊಬ್ಬರು. ಹೊರಗೋಡೆಯ ಆನೆ, ಕುದುರೆ, ಸೈನಿಕರು, ಕುಣಿವ ಹೆಂಗಳೆಯರ ಪಟ್ಟಿಕೆಗಳನ್ನು ಅದರಷ್ಟು ತಾಳ್ಮೆಯಿಂದ ನೋಡಿದ ಪುಸ್ತಕ ನಾನು ಬೇರೆ ಓದಿಲ್ಲ. ಅನಿಲಾ ವರ್ಗೀಸ್ 1995ರಲ್ಲಿ ಹಂಪಿಯ ಧಾರ್ಮಿಕ ಪಂಥಗಳನ್ನು ಸ್ಮಾರಕಗಳ ಮೂಲಕವೇ ಓದಿದರು. ಫಿಲಿಪ್ ವ್ಯಾಗನರ್ 1996ರ ಲೇಖನದಲ್ಲಿ ‘ಹಿಂದೂರಾಯ ಸುರತ್ರಾಣ’ ಎಂಬ ಬಿರುದನ್ನೂ ಆಸ್ಥಾನದ ಉಡುಪನ್ನೂ ಹಿಡಿದು, ಸೆವೆಲ್ ಕಟ್ಟಿದ ಗೋಡೆಯ ಕಲ್ಲುಗಳನ್ನು ಸಡಿಲಿಸಿದರು.

ನನ್ನ ದೃಷ್ಟಿಯಲ್ಲಿ ದೊಡ್ಡ ತಿರುವು ಬಂದದ್ದು ಕೋಟೆಯ ಹೊರಗೆ. 1987ರಿಂದ ಹತ್ತು ವರ್ಷ ಕಾರ್ಲಾ ಸಿನೊಪೊಲಿ ಮತ್ತು ಕ್ಯಾಥ್ಲೀನ್ ಮಾರಿಸನ್ ರಾಜಧಾನಿಯ ಸುತ್ತಲಿನ ಹೊಲ, ಗುಡ್ಡ, ಕೆರೆಗಳಲ್ಲಿ ಕಾಲ್ನಡಿಗೆಯ ಸರ್ವೇ ಮಾಡಿದರು. ಒಡೆದ ಏರಿ, ತೂಬು, ಕಬ್ಬಿಣದ ಕಿಟ್ಟ, ದಾರಿಬದಿಯ ಹನುಮಪ್ಪನ ಕಲ್ಲು ಎಲ್ಲವೂ ಅವರ ದಾಖಲೆಗೆ ಸೇರಿದವು. ಮಾರಿಸನ್ 1995ರಲ್ಲಿ ‘ಫೀಲ್ಡ್ಸ್ ಆಫ್ ವಿಕ್ಟರಿ’, 2009ರಲ್ಲಿ ದರೋಜಿ ಕಣಿವೆಯ ಮೇಲಿನ ಪುಸ್ತಕ ಬರೆದರು. ಕಾಲುವೆ ನೀರು ಸಿಕ್ಕವರ ಗದ್ದೆ, ಮಳೆ ನಂಬಿದ ಕೆರೆ, ಬರೀ ಎರೆಹೊಲ ಇವುಗಳ ನಡುವಿನ ಅಂತರವೇ ಅಲ್ಲಿ ಕಥೆ. ಕೆರೆ ಕಟ್ಟಿಸುವುದು ಪುಣ್ಯವೂ ಹೌದು, ಪ್ರತಿಷ್ಠೆಯೂ ಹೌದು. ಕಟ್ಟಿದ ಮೇಲೆ ಹೂಳು ತೆಗೆಯುವ ಹೊಣೆ ಊರಿನದು. ಇದೇ ನೀರಿನ ಬಗ್ಗೆ ಸಿ.ಟಿ.ಎಂ. ಕೊಟ್ರಯ್ಯನವರೂ 1995ರಲ್ಲಿ ಒಂದು ಗ್ರಂಥ ಬರೆದರು. ಅವರು ಕಲಾ ಇತಿಹಾಸಕಾರ್ತಿ ಡಲ್ಲಪಿಕೋಲಾ ಜೊತೆ 2003ರಲ್ಲಿ ತಂದ ‘ಕಿಂಗ್, ಕೋರ್ಟ್ ಅಂಡ್ ಕ್ಯಾಪಿಟಲ್’ ವಿಜಯನಗರ ಕಾಲದ ಕನ್ನಡ ಕಾವ್ಯಗಳ ವರ್ಣನೆಗಳನ್ನು ಇಂಗ್ಲಿಷಿಗೆ ದಾಟಿಸಿತು. ಅಲ್ಲಿಯವರೆಗೆ ಹೊರಗಿನ ವಿದ್ವಾಂಸರಿಗೆ ಪಾಯಸನ ಕಣ್ಣೇ ಮುಖ್ಯ ಕಣ್ಣಾಗಿತ್ತು. ನಮ್ಮ ಕವಿಗಳು ಕಂಡ ಪೇಟೆ, ಓಲಗಗಳೂ ಅವರ ಮೇಜಿಗೆ ಬಂದದ್ದು ಕೊಟ್ರಯ್ಯನವರ ಶ್ರಮದಿಂದ.

1991ರಲ್ಲಿ ಕನ್ನಡ ವಿಶ್ವವಿದ್ಯಾಲಯ ಸ್ಥಾಪನೆಯಾದ ಮೇಲೆ ಬರೆಯುವವರು ಇಲ್ಲೇ ನೆಲೆಸಿದರು. 1998ರ ಬಳ್ಳಾರಿ ಜಿಲ್ಲೆಯ ಶಾಸನ ಸಂಪುಟ ರೈಸ್ ಕಾಲದ ಕೊರತೆಯನ್ನು ತುಂಬಿತು. ರಹಮತ್ ತರೀಕೆರೆ ಸೂಫಿಗಳನ್ನು, ನಾಥಪಂಥವನ್ನು ಹುಡುಕಿಕೊಂಡು ದರ್ಗಾ, ಮಠ, ಗುಹೆಗಳಿಗೆ ತಿರುಗಿದ ಪುಸ್ತಕಗಳು ಸಂಸ್ಕೃತಿ ಅಧ್ಯಯನಕ್ಕೆ ಕ್ಷೇತ್ರಕಾರ್ಯದ ಧೂಳು ಅಂಟಿಸಿದವು.

ಸಂಡೂರಿನ ಪಾಲಿಗೆ ಮಾತ್ರ ಕಪಾಟು ಇನ್ನೂ ತೆಳು. 1895ರಲ್ಲಿ ಬಳ್ಳಾರಿ ಜಿಲ್ಲೆಯ ಭೂವಿಜ್ಞಾನ ಬರೆದ ರಾಬರ್ಟ್ ಬ್ರೂಸ್ ಫೂಟ್ ಈ ಸೀಮೆಯ ಕಲ್ಲುಕೊಡಲಿಗಳನ್ನೂ ಆಯ್ದವರು. ಬಿ. ಸುಬ್ಬರಾವ್ 1948ರಲ್ಲಿ ಬಳ್ಳಾರಿಯ ಶಿಲಾಯುಗಗಳ ಬಗ್ಗೆ ಬರೆದರು. ಆದರೆ ಕುಮಾರಸ್ವಾಮಿ ಬೆಟ್ಟದ ಬಾದಾಮಿ ಚಾಲುಕ್ಯ ಶೈಲಿಯ ಪಾರ್ವತಿ ಗುಡಿ, ಕಾಡಿನೊಳಗಿನ ಹೊಸಮಲೆ ದುರ್ಗ, ಕಬ್ಬಿಣ ಕರಗಿಸಿದ ನೆಲೆಗಳು ಇವನ್ನೆಲ್ಲ ಹಂಪಿಗೆ ಆದಂತೆ ಚೌಕ ಚೌಕವಾಗಿ ಅಳೆದು ಒಂದೆಡೆ ಇಡುವ ಕೆಲಸ ಬಾಕಿ ಇದೆ. ಅಲ್ಲಿ ಶಾಸನದ ಬಂಡೆ, ಅದಿರಿನ ಬಂಡೆ ಎರಡೂ ಒಂದೇ ಬೆಟ್ಟಸಾಲಿನವು. ಅದಿರಿನ ನಕ್ಷೆ ಬಹಳ ಹಿಂದೆಯೇ ಸಿದ್ಧವಾಗಿದೆ. ಇನ್ನೊಂದು ನಕ್ಷೆ ಬರೆಯಲು ಕಾಲ್ನಡಿಗೆಯಲ್ಲಿ ಬೆಟ್ಟ ಹತ್ತುವ ಹುಡುಗ ಹುಡುಗಿಯರು ಬೇಕು, ಅವರ ಕೈಯಲ್ಲಿ ಪಾಟೀಲರ ಕುಮ್ಮಟದ ಲೇಖನವೂ ಮಾರಿಸನ್ ಅವರ ದರೋಜಿಯ ಪುಸ್ತಕವೂ ಇರಬೇಕು.